ರಸಮಟ್ಟನೂ ಇಪ್ಪತ್ತೇಳು ತಿರುವುಗಳೂ

ರಸಮಟ್ಟ ಹುಟ್ಟಿದ ಮೂರನೆಯ ದಿನ ತೊಟ್ಟಿಲು ಒಂದು ಬದಿಗೆ ವಾಲಿತ್ತಂತೆ. ಮಗು ಓಣಿಯೇ ಎದ್ದು ಕೂರುವಂತೆ ಅರಚಿತು. ಹಾಲು ಕೊಟ್ಟರು, ಜೋಗುಳ ಹಾಡಿದರು, ಗಿಲಕಿ ಆಡಿಸಿದರು, ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಅಜ್ಜಿ ತೊಟ್ಟಿಲಿನ ಎಡಗಡೆಯ ಹಗ್ಗವನ್ನು ಎರಡು ಬೆರಳಿನಷ್ಟು ಮೇಲಕ್ಕೆಳೆದು ಕಟ್ಟಿದಳು. ಮಗು ತಟ್ಟನೆ ಸುಮ್ಮನಾಗಿ, ‘ಹಾಂ, ಈಗ ಸರಿ’ ಎನ್ನುವಂತೆ ಸುತ್ತ ಒಮ್ಮೆ ನೋಡಿ ನಿದ್ದೆಹೋಯಿತು. ಇದನ್ನು ಕಣ್ಣಾರೆ ಕಂಡವರು ಈಗ ಯಾರೂ ಉಳಿದಿಲ್ಲ. ಆದರೆ ಮಹಾಪುರುಷರ ಬಾಲಲೀಲೆಗೆ ಸಾಕ್ಷಿ ಕೇಳುವುದು ಸಣ್ಣತನ.

ಸಾಕ್ಷಿ ಇರುವ ಸಂಗತಿಗಳೇ ಬೇಕಾದಷ್ಟಿವೆ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೋಗಿ ಅರ್ಧ ಉಳಿದಿರುವಾಗ ಎದ್ದುಹೋಗಿ, ಗೋಡೆಯ ಕನ್ನಡಿಯನ್ನು ನೆಟ್ಟಗೆ ಮಾಡಿ ಬಂದು ಮತ್ತೆ ಕತ್ತು ಒಡ್ಡಿದವನು ಅವನು. ಬ್ಯಾಂಕಿನ ಕ್ಯಾಲೆಂಡರು, ಪೋಸ್ಟ್ ಆಫೀಸಿನ ಗಡಿಯಾರ, ಗುರುತೇ ಇಲ್ಲದವರ ಮನೆಯ ಗೇಟು, ಯಾವುದನ್ನೂ ಬಿಟ್ಟವನಲ್ಲ. ‘ನಾಯಿ ಬಾಲ ಡೊಂಕು’ ಎಂದು ಯಾರಾದರೂ ಗಾದೆ ಎತ್ತಿದರೆ ಸಾಕು, ಅವನ ಕೈ ತುರಿಸುತ್ತಿತ್ತು. ಹೀಗಾಗಿ ಜನ ಅವನ ನಿಜವಾದ ಹೆಸರನ್ನು ಮರೆತೇಬಿಟ್ಟು, ಗಾರೆಯವರು ಗೋಡೆಯ ಮೇಲಿಟ್ಟು ಗುಳ್ಳೆ ನಡುವೆ ನಿಂತಿತೋ ಇಲ್ಲವೋ ಎಂದು ನೋಡುತ್ತಾರಲ್ಲ, ಆ ಉಪಕರಣದ ಹೆಸರನ್ನೇ ಅವನಿಗಿಟ್ಟರು.

ಇಂಥವನಿಗೆ ಒಲಿದ ಉದ್ಯೋಗವೂ ಜಾತಕ ಕೂಡಿಬಂದಂಥದ್ದೇ. ಕಾರಿನ ನಾಲ್ಕು ಚಕ್ರಗಳನ್ನು ಒಂದೇ ನೇರಕ್ಕೆ ತರುವ ಅಲೈನ್‌ಮೆಂಟ್ ಕೆಲಸ. ಆದರೆ ವಿಧಿ ಎನ್ನುವುದು ದೊಡ್ಡ ಕುಚೇಷ್ಟೆಗಾರ. ನೆಟ್ಟಗಿರುವುದನ್ನು ಬಿಟ್ಟು ಬೇರೇನನ್ನೂ ಸಹಿಸದ ಈ ಮನುಷ್ಯನ ವರ್ಕ್‌ಶಾಪು ಇದ್ದದ್ದು, ಆ ಸೀಮೆಯಲ್ಲೇ ಅತ್ಯಂತ ಡೊಂಕಾದ ರಸ್ತೆಯ ಬುಡದಲ್ಲಿ. ಷಟರ್ ಎತ್ತಿದರೆ ಎದುರಿಗೇ ಬೆಟ್ಟ. ಬೆಟ್ಟಕ್ಕೆ ಇಪ್ಪತ್ತೇಳು ತಿರುವು. ಒಂದೊಂದು ತಿರುವಿಗೂ ನಂಬರು ಬರೆದ ಹಳದಿ ಕಲ್ಲು. ಇಪ್ಪತ್ತೇಳನೆಯ ಕಲ್ಲು ದಾಟಿದರೆ ಒಂದು ಸಣ್ಣ ಊರು. ಆ ಊರಿನ ಶಾಲೆಯ ಪಕ್ಕದ ಮನೆಯಲ್ಲಿ ರಸಮಟ್ಟನ ಹೆಂಡತಿಯ ಅಕ್ಕ ಇದ್ದಳು. ಮದುವೆಯಾಗದ, ಗಟ್ಟಿ ಗಂಟಲಿನ, ಗಟ್ಟಿ ಹೊಟ್ಟೆಯ ಮೇಷ್ಟ್ರಮ್ಮ.

ಹೆಂಡತಿಗೆ ಅಕ್ಕನ ಗಂಟಲು ಬಂದಿತ್ತು, ಹೊಟ್ಟೆ ಬಂದಿರಲಿಲ್ಲ. ಅವಳಿಗೆ ಚಿಕ್ಕಂದಿನಿಂದ ತಿರುವು ಆಗದು. ಮದುವೆಯಾಗಿ ಬಸ್ಸಿನಲ್ಲಿ ಬೆಟ್ಟ ಇಳಿದ ದಿನ ಮದುಮಗನ ಹೊಸ ಅಂಗಿಯ ಮೇಲೆ ಸಂಸಾರದ ಮೊದಲ ಮುದ್ರೆ ಒತ್ತಿದವಳು. ಆಮೇಲೆ ತವರಿಗೆ ಹೋದಾಗಲೆಲ್ಲ ಹಿಂಡಿದ ಬಟ್ಟೆಯಂತೆ ಬಸ್ಸಿಳಿಯುವುದು, ಅಕ್ಕ ಹಣೆಗೆ ಒದ್ದೆ ಬಟ್ಟೆ ಹಾಕುವುದು, ಮರುದಿನ ಕಣ್ಣು ಬಿಡುವ ಹೊತ್ತಿಗೆ ಹೊರಡುವ ಬಸ್ಸು ಬಂದಿರುವುದು. ಹದಿನೆಂಟು ವರ್ಷದಲ್ಲಿ ಅಕ್ಕನ ಮನೆಯ ಊಟದ ಮೇಜಿನ ಮುಂದೆ ಒಂದು ದಿನವೂ ನೆಟ್ಟಗೆ ಕೂತು ಉಂಡವಳಲ್ಲ.

‘ನಿನ್ನ ಹೊಟ್ಟೇದಲ್ಲ ಕಣೇ ತಪ್ಪು,’ ಎಂದ ರಸಮಟ್ಟ ಒಂದು ದಿನ. ‘ಬಸ್ಸಿಂದು. ತಿರುವಿನಲ್ಲಿ ವಾಲಬಾರದು. ವಾಲದೇ ಇರೋ ಗಾಡಿ ಯಾವುದೋ ಒಂದು ಇದ್ದೇ ಇರುತ್ತೆ.’

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಪರವಾಗಿ ನೀವೇ ಅಂದುಬಿಟ್ರಲ್ಲ ರೀ,’ ಎಂದು ಅವಳು ನಕ್ಕಳು. ವರ್ಕ್‌ಶಾಪಿನ ಮೂಲೆಯಲ್ಲೇ ಅವಳ ಹೊಲಿಗೆ ಮಿಷನ್ನು. ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುವುದು ಅವಳ ಕೆಲಸ. ಅವಳು ಹಾಕಿದ ಹೊಲಿಗೆ ಎಷ್ಟು ನೆಟ್ಟಗೆಂದರೆ, ರಸಮಟ್ಟ ಮದುವೆಗೆ ಒಪ್ಪಿದ್ದೇ ಅದನ್ನು ನೋಡಿ ಎಂದು ಮೇಷ್ಟ್ರಮ್ಮ ಹೇಳುತ್ತಿದ್ದಳು.

ಆ ಕಾಲಕ್ಕೆ ಸರಿಯಾಗಿ ಊರಿನ ಹಲ್ಲಿನ ಡಾಕ್ಟರಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು. ಒಂದು ಕೊಂಡರು, ಮಾರಿ ಇನ್ನೊಂದು ಕೊಂಡರು, ಮಾರದೆ ಮತ್ತೊಂದು ಕೊಂಡರು. ಬೆಟ್ಟದ ರಸ್ತೆಯನ್ನು ಹತ್ತೊಂಬತ್ತು ನಿಮಿಷದಲ್ಲಿ ಹತ್ತುತ್ತೇನೆಂದು ಬಾಯಿ ತೆರೆದು ಮಲಗಿದ ರೋಗಿಗಳಿಗೆಲ್ಲ ಹೇಳುತ್ತಿದ್ದರು. ಪಾಪ, ಅವರು ಎದುರು ಮಾತಾಡುವಂತಿರಲಿಲ್ಲ. ಕಾರುಗಳೆಲ್ಲ ಅಲೈನ್‌ಮೆಂಟಿಗೆ ಬರುತ್ತಿದ್ದದ್ದು ರಸಮಟ್ಟನ ಹತ್ತಿರ. ಕೆಲಸ ಮುಗಿದ ಮೇಲೆ ಬೆಟ್ಟದಲ್ಲಿ ಓಡಿಸಿ ನೋಡುವುದು ವಾಡಿಕೆ. ರಸಮಟ್ಟ ಕೈ ಒರೆಸಿಕೊಂಡು ಕೇಳಿದ, ‘ಡಾಕ್ಟ್ರೇ, ಪಕ್ಕದ ಸೀಟಲ್ಲಿ ನಮ್ಮೋಳನ್ನ ಕೂರಿಸ್ಕೋಬಹುದಾ?’

ಅವನ ಲೆಕ್ಕಾಚಾರ ಸರಳ. ಯಾವ ಕಾರು ಅವಳನ್ನು ವಾಂತಿಯಿಲ್ಲದೆ ಇಪ್ಪತ್ತೇಳು ದಾಟಿಸುತ್ತದೋ, ಅದರ ಸ್ಪ್ರಿಂಗಿನ ಗುಟ್ಟು ಕದ್ದು ತನ್ನ ಹಳೆಯ ವ್ಯಾನಿಗೆ ಹಾಕುವುದು. ಮೇಷ್ಟ್ರಮ್ಮ ಶಾಲೆಯಲ್ಲಿ ಬೇಡವಾದ ಒಂದು ಕರಿಹಲಗೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದುಕೊಟ್ಟಳು. ‘ತಗೊಳ್ಳಿ ರಸಮಟ್ಟದವರೇ, ಪರೀಕ್ಷೆ ಅಂದಮೇಲೆ ಅಂಕ ಬರೀಬೇಕು.’ ನಿಯಮವೂ ಗೊತ್ತಾಯಿತು: ಒಂದೇ ವೇಗ, ಅವಳ ಕೈಯಲ್ಲಿ ಒಂದು ನಿಂಬೆಹಣ್ಣು, ಮಡಿಲಲ್ಲಿ ಮುಚ್ಚಳದ ಡಬ್ಬಿ. ಅವಳು ಕೈ ಎತ್ತಿದ ಕಡೆ ಗಾಡಿ ನಿಲ್ಲಬೇಕು. ಹತ್ತಿರದ ಕಲ್ಲಿನ ನಂಬರೇ ಆ ಕಾರಿನ ಅಂಕ.

ಜಗತ್ತಿನ ದೊಡ್ಡ ದೊಡ್ಡ ಕಾರ್ಖಾನೆಗಳು ಗಡಿಯಾರ ಹಿಡಿದು, ಕಂಪ್ಯೂಟರ್ ಹಚ್ಚಿ ಅಳೆಯುವುದನ್ನು ಇಲ್ಲಿ ಒಬ್ಬ ಹೆಂಗಸಿನ ಹೊಟ್ಟೆ ಅಳೆಯತೊಡಗಿತು.

ಮೊದಲು ಬಂದದ್ದು ‘ಮಿಡತೆ’. ತೆರೆದ ಮಾಡಿನ, ಎರಡೇ ಸೀಟಿನ, ಹಗುರವಾದ ಪುಟ್ಟ ಕಾರು. ಎಂಜಿನ್ನು ದೊಡ್ಡದಲ್ಲ, ಆದರೆ ಸ್ಟೀರಿಂಗು ತಿರುಗಿಸುವ ಮೊದಲೇ ಮನಸ್ಸು ತಿಳಿದುಕೊಂಡು ತಿರುಗುತ್ತಿತ್ತು. ಅವಳು ಮೂಗಿಗೆ ನಿಂಬೆಹಣ್ಣು ಹಿಡಿದು, ‘ಇದು ಹೇಳಿದ ಮಾತು ಕೇಳುತ್ತೆ ರೀ, ನಿಮ್ಮ ಹಾಗಲ್ಲ’ ಎಂದಳು. ಇಪ್ಪತ್ತನಾಲ್ಕನೆಯ ಕಲ್ಲಿನ ಹತ್ತಿರ ಕೈ ಎತ್ತಿದಳು. ಹಲಗೆಯ ಮೇಲೆ ಇಪ್ಪತ್ತನಾಲ್ಕು ಬಿತ್ತು. ಇನ್ನು ಮೂರೇ ತಿರುವು! ರಸಮಟ್ಟ ಆ ದಿನ ಶಿಳ್ಳೆ ಹಾಕುತ್ತ ಊಟ ಮಾಡಿದ. ಹಾಗೆ ಮಾಡಲು ಆಗುವುದಿಲ್ಲ, ಆದರೂ ಮಾಡಿದ.

ಮರುವರ್ಷ ‘ಕೋಣ’. ಉದ್ದ ಮೂತಿ, ಮೂತಿಯ ತುಂಬ ಎಂಜಿನ್ನು. ನೇರ ರಸ್ತೆಯಲ್ಲಿ ರಾಜ. ತಿರುವು ಬಂದರೆ ಮೂಗಿನ ಭಾರಕ್ಕೆ ಹೊರಗಿನ ಅಂಚಿಗೇ ಎಳೆಯುವುದು. ‘ತಿರುಗಪ್ಪಾ ಅಂದ್ರೆ, ನೋಡೋಣ, ಯೋಚನೆ ಮಾಡಿ ಹೇಳ್ತೀನಿ ಅನ್ನುತ್ತೆ,’ ಎಂದಳು. ಇಪ್ಪತ್ತೊಂದು.

ಅದರ ಬೆನ್ನಿಗೇ ‘ಕಪ್ಪೆ’. ಎಂಜಿನ್ನು ಹಿಂಬದಿಯಲ್ಲಿ, ಅಂಡಿನ ಮೇಲೆ ಕೂತ ಹಾಗೆ. ತಿರುವಿನಿಂದ ಹೊರಗೆ ಬರುವಾಗ ನೆಲ ಕಚ್ಚಿ ಚಿಮ್ಮುವುದರಲ್ಲಿ ಅದಕ್ಕೆ ಸಮ ಇಲ್ಲ. ಆದರೆ ನಡು ತಿರುವಿನಲ್ಲಿ ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸಿದರೆ ಬಾಲ ಬೀಸಲು ಹೊರಡುತ್ತದೆ. ‘ಹಿಂದೆ ಯಾರೋ ಕೂತು ತಳ್ತಾ ಇದಾರೆ, ಇಳಿಸಿಬಿಡಿ ಅವರನ್ನ’ ಎಂದಳು. ಹದಿನೇಳು.

ಅಷ್ಟು ಹೊತ್ತಿಗೆ ಹಲಗೆಯ ಕೀರ್ತಿ ಹಬ್ಬಿತ್ತು. ದೂರದೂರದ ಶ್ರೀಮಂತರು ಅಲೈನ್‌ಮೆಂಟಿನ ನೆಪದಲ್ಲಿ ಬಂದು, ‘ನಮ್ಮದಕ್ಕೂ ಒಂದು ಅಂಕ ಕೊಡಿಸಿ ತಾಯಿ’ ಎಂದು ಹೊಲಿಗೆ ಮಿಷನ್ನಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಅವಳು ಸೂಜಿಗೆ ದಾರ ಪೋಣಿಸುತ್ತ, ‘ಇವತ್ತು ಆಗಲ್ಲ, ತಿಂಡಿ ತಿಂದಿದೀನಿ’ ಎಂದು ಕಳಿಸುತ್ತಿದ್ದಳು.

ಮೂರನೆಯ ವರ್ಷ ಹಲ್ಲಿನ ಡಾಕ್ಟರು ಹಲ್ಲು ಕಚ್ಚಿ ‘ಚೇಳು’ ತಂದರು. ಎಂಜಿನ್ನು ಸೀಟಿನ ಬೆನ್ನಿಗೇ, ಕಾರಿನ ನಟ್ಟನಡುವೆ. ಮೂಗೂ ಎಳೆಯದು, ಬಾಲವೂ ಬೀಸದು. ಸೊಂಟದ ಮೇಲೆ ಗಿರಕಿ ಹೊಡೆದ ಹಾಗೆ ತಿರುಗುತ್ತದೆ, ಕೂದಲೆಳೆಯಷ್ಟೂ ವಾಲುವುದಿಲ್ಲ. ರಸಮಟ್ಟನಿಗೆ ಕಣ್ಣಲ್ಲಿ ನೀರೇ ಬಂತು. ತಾನು ಹುಡುಕುತ್ತಿದ್ದದ್ದು ಇದೇ. ಬೆಟ್ಟದ ಮೇಲಿನ ಮೇಷ್ಟ್ರಮ್ಮನಿಗೆ ಫೋನು ಮಾಡಿ, ‘ಅತ್ತಿಗೆ, ಅನ್ನಕ್ಕಿಡಿ’ ಎಂದುಬಿಟ್ಟ. ಹನ್ನೆರಡನೆಯ ಕಲ್ಲಿನ ಹತ್ತಿರ ಅವಳು ಕೈ ಎತ್ತಿದಳು.

‘ತಿರುವು ಗೊತ್ತೇ ಆಗಲ್ಲ ರೀ,’ ಎಂದಳು ಬಾಯಿ ಒರೆಸಿಕೊಂಡು. ‘ಹೊಟ್ಟೆಗೆ ಮಾತ್ರ ಗೊತ್ತಾಗುತ್ತೆ.’

ರಸಮಟ್ಟ ಹಲಗೆಯ ಮುಂದೆ ಒಂದು ಗಂಟೆ ನಿಂತ. ಆಮೇಲೆ ‘ಎಲುಬು ಗಟ್ಟಿ’ ಎಂದು ಷರಾ ಬರೆದ. ಸಸ್ಪೆನ್ಷನ್ ಬಿಗಿಯಾಯಿತು, ರಸ್ತೆಯ ಪ್ರತಿ ಕಲ್ಲೂ ಅವಳ ಹೊಟ್ಟೆಗೆ ಹೋಗುತ್ತಿದೆ. ಅದಕ್ಕೇ ಮುಂದಿನ ಸರದಿ ‘ಪಂಡಿತ’ನದು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ, ರಸ್ತೆಯನ್ನು ಓದಿ ಓದಿ ತಾನೇ ಮೆತ್ತಗೂ ಬಿಗಿಯೂ ಆಗುವ ಸ್ಪ್ರಿಂಗು. ಇಂಥ ವಿದ್ವತ್ತಿಗೆ ಸಿಕ್ಕಿದ ಅಂಕ ಎಂಟು. ರಸಮಟ್ಟ ಆ ಕಾರಿನ ಸ್ಟೀರಿಂಗು ಹಗುರ, ನೆಲದ ಸುದ್ದಿ ಕೈಗೆ ತಲುಪುವುದಿಲ್ಲ, ಅದಕ್ಕೇ ಹೀಗೆ ಎಂದು ಊರಿಗೆಲ್ಲ ವಿವರಿಸಿದ. ವಿವರಣೆಗಳಿಗೆ ಬರ ಇರಲಿಲ್ಲ.

ಇದರ ನಡುವೆ ಅವನ ಕಣ್ಣಿಗೆ ಬೇರೆ ಕೆಲವು ವಾಲುವಿಕೆಗಳೂ ಬಿದ್ದವು. ಬೀಳದೆ ಇರುತ್ತವೆಯೇ, ಯಾರ ಕಣ್ಣು ಅದು! ಅವಳ ಹೊಲಿಗೆಯ ಸಾಲು ಅಂಚಿನ ಕಡೆ ಒಂದಿಷ್ಟು ಸರಿಯತೊಡಗಿತ್ತು. ಮಿಷನ್ನಿನ ಮೇಜು ಕುಗ್ಗಿದೆ ಎಂದು ಒಂದು ಕಾಲಿನ ಕೆಳಗೆ ರಟ್ಟು ಮಡಚಿಟ್ಟ. ಮನೆಯಲ್ಲಿ ನಡೆಯುವಾಗ ಅವಳು ಬಲಗಡೆಯ ಗೋಡೆಗೆ ಭುಜ ತಾಗಿಸುತ್ತಿದ್ದಳು. ಅಲ್ಲಿದ್ದ ಬೀರುವನ್ನು ನಾಲ್ಕು ಬೆರಳು ಹಿಂದಕ್ಕೆ ತಳ್ಳಿದ. ಪಕ್ಕದ ಸೀಟಿನಲ್ಲಿ ಕೂತರೆ ಅವಳ ತಲೆ ಬಲಕ್ಕೆ ವಾಲಿರುತ್ತಿತ್ತು. ಬಗ್ಗಿ ನೋಡಿ, ಸೀಟಿನ ಬಲಗಡೆಯ ಬೋಲ್ಟಿಗೆ ಎರಡು ವಾಷರು ಕೊಟ್ಟು ಎತ್ತರಿಸಿದ.

ನಾಲ್ಕನೆಯ ವರ್ಷ ಅವನಿಗೆ ಹೊಳೆಯಿತು: ಇದ್ದುದರಲ್ಲಿ ಒಳ್ಳೆಯದು ಮಿಡತೆಯೇ. ಬೇರೆ ಕಾರುಗಳ ಬಾಗಿಲು ತಟ್ಟುವುದು ಬಿಟ್ಟು ಅದನ್ನೇ ತಿದ್ದಬೇಕು. ಒಂದೂವರೆ ತಿಂಗಳು ಅದರ ಹೊಟ್ಟೆಯ ಕೆಳಗೆ ಮಲಗಿ ಸ್ಪ್ರಿಂಗು ಬದಲಿಸಿದ, ಟೈರು ಹೊಸದು ಹಾಕಿದ, ಗಾಳಿಯನ್ನು ಹನಿ ಲೆಕ್ಕದಲ್ಲಿ ತುಂಬಿದ. ಇಂಥ ಕೈ ಬಿದ್ದ ಕಾರು ಭೂಮಿಯ ಮೇಲೆ ಇನ್ನೊಂದಿರಲಿಲ್ಲ ಎಂದು ಹಲ್ಲಿನ ಡಾಕ್ಟರು ಇವತ್ತಿಗೂ ಆಣೆ ಮಾಡುತ್ತಾರೆ. ಅವಳು ಹಸಿರು ಸೀರೆ ಉಟ್ಟು, ಅಕ್ಕನಿಗೆಂದು ಹೊಲಿದ ದಿಂಬಿನ ಚೀಲ ಹಿಡಿದು ಕೂತಳು.

ಐದನೆಯ ಕಲ್ಲಿನ ಹತ್ತಿರ ಕೈ ಎತ್ತಿದಳು.

ರಸಮಟ್ಟ ಸ್ಟೀರಿಂಗಿನ ಮೇಲೆ ಹಣೆ ಇಟ್ಟು, ‘ಟೈರೇ ಸರಿಯಿಲ್ಲ’ ಎಂದ.

‘ಇರಬಹುದು ರೀ,’ ಎಂದಳು ಅವಳು.

ಅದಾದ ವಾರಕ್ಕೆ ಅವಳಿಗೆ ದವಡೆ ಹಲ್ಲು ನೋವು. ಹಲ್ಲಿನ ಡಾಕ್ಟರು ಹಲ್ಲು ನೋಡಿ, ಕುರ್ಚಿ ಇಳಿಸಿದರು. ಅವಳು ಎದ್ದು ಎರಡು ಹೆಜ್ಜೆ ಇಟ್ಟು ಗೋಡೆ ಹಿಡಿದು ನಿಂತಳು. ಕಾರುಗಳ ವಿಷಯದಲ್ಲಿ ಮಗುವಾಗಿದ್ದ ಆ ಮನುಷ್ಯ ಆ ಒಂದು ಕ್ಷಣ ಡಾಕ್ಟರಾದರು. ‘ತಾಯಿ, ಹೀಗೆ ಎಷ್ಟು ದಿನದಿಂದ?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು.

ಅಲ್ಲಿನ ಮೆದುಳಿನ ಡಾಕ್ಟರಮ್ಮ ಮಿತಭಾಷಿ. ತಲೆಯ ಚಿತ್ರ ತೆಗೆಸಿದರು, ದೀಪದ ಮೇಲೆ ಹಿಡಿದು ನೋಡಿದರು, ಇಬ್ಬರನ್ನೂ ಕೂರಿಸಿಕೊಂಡರು. ‘ವಾಂತಿ ಯಾವಾಗ ಜಾಸ್ತಿಯಾಯ್ತು, ಜ್ಞಾಪಕ ಇದೆಯಾ?’

ಇಂಥ ಪ್ರಶ್ನೆಗೆ ಉತ್ತರ ಹೇಳಬಲ್ಲ ಗಂಡ ಇಡೀ ಆಸ್ಪತ್ರೆಯಲ್ಲಿ ಇವನೊಬ್ಬನೇ ಇದ್ದ. ಹಲಗೆ ಅವನ ತಲೆಯೊಳಗೇ ಇತ್ತು. ಬೆನ್ನು ನೆಟ್ಟಗೆ ಮಾಡಿ, ಒಂದಿಷ್ಟು ಹೆಮ್ಮೆಯಿಂದಲೇ ಶುರುಮಾಡಿದ. ‘ಮೊದಲನೇ ವರ್ಷ ಮಿಡತೆ, ಇಪ್ಪತ್ತನಾಲ್ಕನೇ ತಿರುವು. ಎರಡನೇ ವರ್ಷ ಕೋಣ, ಇಪ್ಪತ್ತೊಂದು, ಮೂಗಿನ ಭಾರ ಅದಕ್ಕೆ. ಕಪ್ಪೆ ಹದಿನೇಳು. ಚೇಳು ಹನ್ನೆರಡು, ಸಸ್ಪೆನ್ಷನ್ ಬಿಗಿ. ಪಂಡಿತ ಎಂಟು. ಆಮೇಲೆ ಮಿಡತೆ ಇನ್ನೊಂದು ಸಲ, ಐದು.’

ಡಾಕ್ಟರಮ್ಮ ಅಂಕಿಗಳನ್ನು ಒಂದರ ಕೆಳಗೊಂದು ಬರೆದುಕೊಂಡರು. ಕಾರುಗಳ ಹೆಸರು ಬರೆಯಲಿಲ್ಲ. ಪೆನ್ನು ಮೊದಲ ಅಂಕಿಯ ಮೇಲೆ ಇಟ್ಟರು, ಕೊನೆಯದರ ಮೇಲೆ ಇಟ್ಟರು.

‘ಇವೆರಡೂ ಒಂದೇ ಕಾರಾ?’

‘ಹೌದು ಮೇಡಂ.’

‘ರಸ್ತೆ?’

‘ಅದೇ.’

‘ಡ್ರೈವರು?’

‘ನಾನೇ.’

ಆಕೆ ಪೆನ್ನು ಮುಚ್ಚಿಟ್ಟರು. ಗೋಡೆಯ ಗಡಿಯಾರ ಸ್ವಲ್ಪ ಎಡಕ್ಕೆ ವಾಲಿತ್ತು. ಜೀವನದಲ್ಲಿ ಮೊದಲ ಸಲ ರಸಮಟ್ಟ ಅದನ್ನು ನೋಡಲಿಲ್ಲ.

ಆಮೇಲೆ ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ತಲೆಯ ಹಿಂಭಾಗದಲ್ಲಿ, ದೇಹದ ಸಮತೋಲ ತಪ್ಪದಂತೆ ನೋಡಿಕೊಳ್ಳುವ ಜಾಗದಲ್ಲಿ ಒಂದು ಗಡ್ಡೆ. ನಾಲ್ಕು ವರ್ಷದಿಂದ ನಿಧಾನಕ್ಕೆ ಬೆಳೆದಿದೆ. ಈಗ ಕತ್ತಿ ಇಡುವ ಹಾಗಿಲ್ಲ. ಮೊದಲೇ ಬಂದಿದ್ದರೆ ಎನ್ನುವ ಮಾತನ್ನು ಆಕೆ ಅರ್ಧಕ್ಕೆ ನುಂಗಿದರು. ‘ಇವರ ತಲೆ ಬಲಕ್ಕೆ ವಾಲುತ್ತೆ. ನೀವು ನೋಡಿರಲಿಲ್ವಾ?’

‘ನೋಡಿದೆ ಮೇಡಂ,’ ಎಂದ ರಸಮಟ್ಟ. ‘ಸೀಟು ಸರಿಮಾಡಿದೆ.’

ಹೊರಗೆ ಬೆಂಚಿನ ಮೇಲೆ ಇಬ್ಬರೂ ಕೂತರು. ಅವನು ಎರಡೂ ಅಂಗೈ ತೊಡೆಯ ಮೇಲಿಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದ. ಹಾಗೇ ಕೇಳಿದ, ‘ನಿನಗೆ ಗೊತ್ತಿತ್ತೇನೇ?’

‘ಬೆಳಗ್ಗೆ ಎದ್ದರೆ ತಲೆ ಸಿಡಿಯೋದು. ಏನೋ ಇದೆ ಅನ್ನಿಸ್ತಿತ್ತು.’

‘ಹೇಳಬಾರದಾ?’

‘ಹೇಳೋಣ ಅಂತ ಬಂದಾಗಲೆಲ್ಲ ನೀವು ಯಾವುದಾದರೂ ಕಾರಿನ ಅಡಿಯಲ್ಲಿರ್ತಿದ್ರಿ. ಈ ನಟ್ಟು ಒಂದು ಸುತ್ತು ತಿರುಗಿಸಿದರೆ ನಿನ್ನ ಅಕ್ಕನ ಮನೇಲಿ ಊಟ ಕಣೇ ಅಂತಿದ್ರಿ.’ ಅವಳು ಅವನ ಅಂಗಿಯ ತೋಳಿಗೆ ಹತ್ತಿದ್ದ ಗ್ರೀಸನ್ನು ಉಗುರಿನಿಂದ ಕೆರೆದಳು. ‘ಅಷ್ಟು ಖುಷಿಯಲ್ಲಿದ್ದೋರಿಗೆ, ಕಾರು ಸರಿಯಾಗಿದೆ ರೀ, ನಾನೇ ಸರಿಯಿಲ್ಲ ಅಂತ ಹೇಗೆ ಹೇಳೋದು?’

ಎರಡು ವಾರ ಕಳೆದ ಮೇಲೆ ಅವಳು ಒಂದೇ ಒಂದು ಕೇಳಿದಳು. ಅಕ್ಕನ ಮನೆಗೆ ಹೋಗಬೇಕು.

ವಾಂತಿ ತಡೆಯಲು ಆಸ್ಪತ್ರೆಯವರು ಮಾತ್ರೆ ಕೊಟ್ಟಿದ್ದರು. ಯಾವ ಕಾರು ಎಂಬ ಪ್ರಶ್ನೆ ಎದ್ದಾಗ ಹಲ್ಲಿನ ಡಾಕ್ಟರು ತಮ್ಮ ಲಾಯದ ಕೀಲಿಗಳನ್ನೆಲ್ಲ ತಂದು ಮೇಜಿನ ಮೇಲೆ ಸುರಿದರು. ಮಿಡತೆ, ಚೇಳು, ಪಂಡಿತ. ಎಲ್ಲದಕ್ಕೂ ಎರಡೇ ಸೀಟು. ಅವಳ ಕತ್ತು ಈಗ ತಾನಾಗಿ ನಿಲ್ಲುತ್ತಿರಲಿಲ್ಲ, ಪಕ್ಕದಲ್ಲಿ ಯಾರಾದರೂ ಹಿಡಿದು ಕೂರಬೇಕಿತ್ತು. ಕೊನೆಗೆ ಹೊರಟದ್ದು ಡಾಕ್ಟರ ಹೆಂಡತಿ ತರಕಾರಿ ತರಲು ಓಡಿಸುವ ಪುಟ್ಟ ಕಾರು. ಬಂಪರು ಒಂದು ಕಡೆ ಜೋತುಬಿದ್ದಿತ್ತು, ಒಳಗೆಲ್ಲ ಕೊತ್ತಂಬರಿ ಸೊಪ್ಪಿನ ವಾಸನೆ. ಅದರ ಚಕ್ರಗಳು ಯಾವ ದಿಕ್ಕಿಗಿವೆ ಎಂದು ರಸಮಟ್ಟ ಬಗ್ಗಿಯೂ ನೋಡಲಿಲ್ಲ. ಹಿಂದಿನ ಸೀಟಿನಲ್ಲಿ ಅವಳ ಪಕ್ಕಕ್ಕೆ ಓರೆಯಾಗಿ ಕೂತು, ಅವಳ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡ.

ಹಲ್ಲಿನ ಡಾಕ್ಟರು ಓಡಿಸಿದರು. ಹತ್ತೊಂಬತ್ತು ನಿಮಿಷದ ಆ ವೀರ ಅಂದು ಅದೇ ರಸ್ತೆಗೆ ಎರಡು ಗಂಟೆ ಹತ್ತು ನಿಮಿಷ ತೆಗೆದುಕೊಂಡ. ಬಸ್ಸುಗಳು ಹಾರ್ನು ಹೊಡೆದು ಬೈದು ಮುಂದೆಹೋದವು. ಮರದ ದಿಮ್ಮಿ ಹೇರಿದ ಟ್ರ್ಯಾಕ್ಟರು ಮುಂದೆಹೋಯಿತು. ಒಂಬತ್ತನೆಯ ತಿರುವಿನಲ್ಲಿ ಒಬ್ಬ ಸೈಕಲ್ಲಿನವನು ಹಿಂದಿಕ್ಕಿ, ಹಿಂತಿರುಗಿ ನೋಡಿ, ‘ತಳ್ಳಬೇಕಾ ಸಾರ್?’ ಎಂದು ಕೇಳಿದ. ಡಾಕ್ಟರು ಎರಡೂ ಕೈಯಲ್ಲಿ ಸ್ಟೀರಿಂಗು ಹಿಡಿದು, ‘ಬೇಡಪ್ಪಾ, ಇದು ರೇಸು’ ಎಂದರು.

ರಸಮಟ್ಟನಿಗೆ ಇದ್ಯಾವುದೂ ಕಾಣಲಿಲ್ಲ. ಕಾರು ಬಲಕ್ಕೆ ವಾಲಿದರೆ ಅವನ ಕೈ ಎಡಕ್ಕೆ, ಎಡಕ್ಕೆ ವಾಲಿದರೆ ಬಲಕ್ಕೆ. ಗುಳ್ಳೆ ನಡುವೆ ನಿಂತಿದೆಯೇ ಎಂದು ಅವಳ ಮುಖವನ್ನೇ ನೋಡುತ್ತಿದ್ದ. ನಾಲ್ಕು ವರ್ಷ ಇದೇ ರಸ್ತೆಯಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಾಡಿದ್ದ. ಎಡಗಣ್ಣಿನ ಕೆಳಗೆ ಅಷ್ಟು ಸಣ್ಣದೊಂದು ಮಚ್ಚೆ ಇರುವುದು ಕಂಡದ್ದು ಅವತ್ತು.

ಅವಳು ಕಿಟಕಿಯಾಚೆಯ ಕಲ್ಲುಗಳನ್ನು ಹಳೆಯ ನೆಂಟರನ್ನು ಮಾತಾಡಿಸುವಂತೆ ಮಾತಾಡಿಸುತ್ತಿದ್ದಳು. ‘ಪಂಡಿತನ ಕಲ್ಲು ಬಂತು. ಅಗೋ, ಚೇಳಿಂದು. ಕಪ್ಪೆ ಇಲ್ಲೇ ಅಲ್ವಾ ನನ್ನ ಇಳಿಸಿದ್ದು?’ ಇಪ್ಪತ್ತನಾಲ್ಕು ದಾಟಿದ ಮೇಲೆ ಮಾತು ನಿಲ್ಲಿಸಿದಳು. ಆಚೆಗಿನ ಕಲ್ಲುಗಳ ಪರಿಚಯ ಅವಳಿಗಿರಲಿಲ್ಲ. ಬಸ್ಸಿನಲ್ಲಿ ಅಲ್ಲಿಗೆ ಬರುವಷ್ಟರಲ್ಲಿ ಯಾವಾಗಲೂ ಕಣ್ಣು ಮುಚ್ಚಿರುತ್ತಿದ್ದಳು.

ಮೇಷ್ಟ್ರಮ್ಮ ಗೇಟಿನಲ್ಲೇ ನಿಂತಿದ್ದಳು. ಹಳೆಯ ಅಭ್ಯಾಸ, ಕೈಯಲ್ಲಿ ಒದ್ದೆ ಬಟ್ಟೆ.

‘ಯಾರಿಗಕ್ಕಾ ಅದು?’ ಎಂದಳು ತಂಗಿ. ‘ತಟ್ಟೆ ಹಾಕು. ಹಸಿವು.’

ಊಟದ ಮೇಜಿನ ಮುಂದೆ ಕೂತಳು. ಹಿಂದೆ ಗಂಡ ಅವಳ ತಲೆ ಹಿಡಿದು ನಿಂತಿದ್ದ. ಆರು ತುತ್ತು ಉಂಡಳು. ‘ಉಪ್ಪು ಕಮ್ಮಿ,’ ಎಂದಳು. ಉಪ್ಪು ತರಲು ಒಳಗೆ ಹೋದ ಮೇಷ್ಟ್ರಮ್ಮ ಬಹಳ ಹೊತ್ತು ಹೊರಗೆ ಬರಲಿಲ್ಲ.

ಮತ್ತೆ ಬೆಟ್ಟ ಇಳಿಯಲು ಅವಳು ಒಪ್ಪಲಿಲ್ಲ. ‘ಇಷ್ಟು ಕಷ್ಟಪಟ್ಟು ಹತ್ತಿದೀನಿ, ಇಳಿಯೋಕಾ?’ ಎಂದಳು. ಇಪ್ಪತ್ತೊಂದು ದಿನ ಅಕ್ಕನ ಮನೆಯಲ್ಲಿದ್ದಳು. ದಿನ ಕಳೆದಂತೆ ತುತ್ತು ಕಡಿಮೆಯಾಯಿತು. ಇಪ್ಪತ್ತೆರಡನೆಯ ಬೆಳಗ್ಗೆ ಅವನ ಅಂಗೈಯಲ್ಲಿದ್ದ ತಲೆ ಇದ್ದಕ್ಕಿದ್ದಂತೆ ಭಾರವಾಯಿತು.

ರಸಮಟ್ಟ ಬಸ್ಸಿನಲ್ಲಿ ಇಳಿದು ಬಂದ. ಇಪ್ಪತ್ತೇಳರಿಂದ ಒಂದರವರೆಗೆ ಕಲ್ಲುಗಳನ್ನು ಎಣಿಸುತ್ತ ಬಂದನಂತೆ. ನಾಲ್ಕನೆಯ ಕಲ್ಲಿನ ಹತ್ತಿರ ಬಸ್ಸು ನಿಲ್ಲಿಸಲು ಹೇಳಿ, ಇಳಿದು, ರಸ್ತೆಯ ಅಂಚಿಗೆ ಕೂತು ವಾಂತಿ ಮಾಡಿಕೊಂಡ ಎಂದು ಕಂಡಕ್ಟರು ಹೇಳುತ್ತಾನೆ. ಅಲ್ಲಿಯವರೆಗೆ ಅವನಿಗೆ ಎಂದೂ ಹಾಗಾದದ್ದಿಲ್ಲ.

ಅವನಿಲ್ಲದಾಗ ಹಲ್ಲಿನ ಡಾಕ್ಟರು ವರ್ಕ್‌ಶಾಪಿಗೆ ಬಂದು ಹಲಗೆಯ ಕೊನೆಯ ಸಾಲಿಗೆ ‘ತರಕಾರಿ ಕಾರು: ೨೭’ ಎಂದು ಬರೆದು ಹೋಗಿದ್ದರು. ಡಾಕ್ಟರ ಅಕ್ಷರ, ಸಾಲು ಸೊಟ್ಟಗೆ ಏರಿತ್ತು. ರಸಮಟ್ಟ ಅದನ್ನು ಅಳಿಸಲೂ ಇಲ್ಲ, ತಿದ್ದಲೂ ಇಲ್ಲ. ಪಕ್ಕದಲ್ಲಿ ಅವಳ ಫೋಟೋ ಹಾಕಿದ, ಹಸಿರು ಸೀರೆಯದು, ಮಿಡತೆಯ ಎರಡನೇ ಸವಾರಿಯ ದಿನ ತೆಗೆದದ್ದು.

ಇತ್ತೀಚೆಗೆ ಕಾರುಗಳ ಬಗ್ಗೆ ಪತ್ರಿಕೆಗೆ ಬರೆಯುವವನೊಬ್ಬ ಬಂದಿದ್ದ. ನೆಲಕ್ಕಂಟಿದ ಹೊಸ ಕಾರು, ಕತ್ತಿನಲ್ಲಿ ಕ್ಯಾಮೆರಾ. ಹಲಗೆಯನ್ನು ಮೇಲಿಂದ ಕೆಳಗೆ ಓದಿ ಉಸಿರು ಬಿಗಿಹಿಡಿದ. ನಡುವೆ ಫೋಟೋದ ಕಡೆ ಕೈ ಚಾಚಿ, ಫ್ರೇಮನ್ನು ಒಂದಿಷ್ಟು ಎಡಕ್ಕೆ ಎತ್ತಲು ಹೋದ.

‘ಬಿಡಿ ಸ್ವಾಮಿ,’ ಎಂದ ರಸಮಟ್ಟ. ‘ಫ್ರೇಮು ನೆಟ್ಟಗಿದೆ.’

ಬಂದವನು ಕೈ ಹಿಂತೆಗೆದು, ನೋಟ್‌ಬುಕ್ಕು ತೆರೆದ. ‘ಯಜಮಾನ್ರೇ, ಇಷ್ಟು ದೊಡ್ಡ ದೊಡ್ಡ ಕಾರುಗಳೆಲ್ಲ ಸೋತ ಕಡೆ ಈ ಇಪ್ಪತ್ತೇಳು ಹೊಡೆದದ್ದು ಯಾವ ಕಾರು? ಸ್ಪ್ರಿಂಗು ಎಂಥದ್ದು, ಟೈರಿಗೆ ಗಾಳಿ ಎಷ್ಟಿತ್ತು? ಹೋಗಲಿ, ತಿರುವಿನಲ್ಲಿ ಹೇಗೆ ನಡ್ಕೊಳ್ತು? ಮೂಗು ಎಳೀತಾ, ಬಾಲ ಬೀಸ್ತಾ, ಅಷ್ಟಾದರೂ ಹೇಳಿ!’

ರಸಮಟ್ಟ ಸ್ಪಾನರನ್ನು ಬಟ್ಟೆಯಿಂದ ಒರೆಸಿ ಮೇಜಿನ ಮೇಲಿಟ್ಟ.

‘ಗೊತ್ತಿಲ್ಲ ಸ್ವಾಮಿ. ನಾನು ಹಿಂದಿನ ಸೀಟಲ್ಲಿದ್ದೆ.’